ಗೋಡೆಗೆ ಕಲ್ಲಿನ ಹೊರೆ

ದುಬೈ ನಗರದ ನೈರುತ್ಯದಲ್ಲಿ, ಜೆಬೆಲ್ ಅಲಿಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಇಬ್ನ್ ಬತೂತಾ ಮಾಲಿನ ಬೆನ್ನಿಗೆ ಹಬ್ಬಿಕೊಂಡಿರುವ ಡಿಸ್ಕವರಿ ಗಾರ್ಡನ್ಸ್ ಎಂಬ ವಸತಿಪ್ರದೇಶವನ್ನು ಸುತ್ತಿ ನೋಡಿದವರಿಗೆ ಒಂದು ಸಂಗತಿ ಬೇಗನೆ ಹೊಳೆಯುತ್ತದೆ. ನಖೀಲ್ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ಕಟ್ಟಿಸಿದ ಈ ತಗ್ಗು ಅಂತಸ್ತಿನ ಗೃಹಸಮೂಹವು ಮೆಡಿಟರೇನಿಯನ್, ಮೊಗಲ್, ಝೆನ್, ಮೆಸೊಅಮೆರಿಕನ್, ಕ್ಯಾಕ್ಟಸ್, ಕಂಟೆಂಪೊರರಿ ಎಂಬ ಆರು ಹೆಸರಿನ ಗುಂಪುಗಳಾಗಿ ವಿಂಗಡವಾಗಿ, ಒಂದೊಂದು ಗುಂಪೂ ತನ್ನದೇ ಆದ ಬಣ್ಣ, ತನ್ನದೇ ಆದ ಅಲಂಕಾರ, ತನ್ನದೇ ಆದ ಗಿಡಮರಗಳಿಂದ ಶೋಭಿಸುತ್ತಿರುವುದಾದರೂ, ಆ ಶೋಭೆಯ ಹಿಂದೆ ಹೋಗಿ ನೋಡಿದರೆ ಎಲ್ಲಕ್ಕೂ ಆಧಾರವಾಗಿರುವುದು ಒಂದೇ ಬಗೆಯ ಕಾಂಕ್ರೀಟಿನ ಅಸ್ಥಿಪಂಜರ. ಒಂದೇ ಮೈಕಟ್ಟಿಗೆ ಆರು ಉಡುಪುಗಳನ್ನು ತೊಡಿಸಿದ ಊರಿದು. ಉಡುಪು ಬದಲಿಸುವ ಅಭಿಲಾಷೆಯು ಇಂತಹ ಊರಿನಲ್ಲಿ ವಾಸಿಸುವವರಿಗೂ ಅಂಟಿಕೊಂಡರೆ ಅದನ್ನು ದೋಷವೆಂದು ಹೇಳಲಾಗದು.

ಕಲಬುರಗಿ ಸೀಮೆಯವರಾದ ನನ್ನ ಮಿತ್ರರೊಬ್ಬರು ಅಲ್ಲಿ ಒಂದು ಮನೆಯನ್ನು ಸ್ವಂತಕ್ಕೆ ಕೊಂಡು, ಅದರ ಸ್ನಾನಗೃಹದ ಮಾಸಲು ಹಳದಿಯ ಟೈಲುಗಳನ್ನು ಪ್ರತಿದಿನವೂ ನೋಡಿ ನೋಡಿ ಬೇಸತ್ತು, ಕಡೆಗೊಂದು ದಿನ ತಮ್ಮ ಮನಸ್ಸಿನಲ್ಲಿದ್ದುದನ್ನು ಹೊರಗೆಡವಿದರು. ಬಾಲ್ಯದಲ್ಲಿ ಅಜ್ಜನ ಮನೆಯ ಬಚ್ಚಲಿನಲ್ಲಿದ್ದ ಶಹಾಬಾದಿನ ಕಲ್ಲು, ಅವರ ಕಡೆಯವರು ಫರಸಿ ಎಂದು ಕರೆಯುವ ಆ ಬೂದುನೀಲಿಯ ತಣ್ಣನೆಯ ಕಲ್ಲು, ಅವರಿಗೆ ಇಲ್ಲಿ, ಈ ಮರಳುನಾಡಿನಲ್ಲಿ, ನಾಲ್ಕೂ ಗೋಡೆಗಳ ಮೇಲೆ ಬೇಕಾಗಿತ್ತು. “ಹಳೀ ಟೈಲ್ಸ್ ಒಡಿಯೂದ್ಯಾಕ್ರೀ? ಅದರ ಮ್ಯಾಲೇ ಫರಸಿ ಹಚ್ಚಿಬಿಟ್ರ ಆತಲ್ಲ?” ಎಂದು ಅವರು ಕೇಳಿದ ಪ್ರಶ್ನೆಯು ಮೇಲುನೋಟಕ್ಕೆ ಗಾರೆ ಕೆಲಸದ ಒಂದು ಸಣ್ಣ ವಿಷಯವಾಗಿ ಕಂಡರೂ, ವಿಚಾರ ಮಾಡುತ್ತ ಹೋದಂತೆ ಅದು ಬೇರೊಂದು ಪ್ರಶ್ನೆಗೆ ಎಡೆಮಾಡಿಕೊಟ್ಟಿತು: ಹಳೆಯದರ ಮೇಲೆ ಹೊಸದನ್ನು ಹೇರುವಾಗ ಆ ಹಳೆಯದರ ಅಭಿಪ್ರಾಯವನ್ನು ನಾವು ಕೇಳಬೇಕೇ, ಬೇಡವೇ?

ಮೊದಲಿಗೆ ಮಿತ್ರರ ಪಕ್ಷವನ್ನು ನ್ಯಾಯವಾಗಿ ಮಂಡಿಸತಕ್ಕದ್ದು. ಹಳೆಯ ಟೈಲುಗಳನ್ನು ಉಳಿ ಸುತ್ತಿಗೆಗಳಿಂದ ಕೀಳುವುದೆಂದರೆ ಮೂರು ನಾಲ್ಕು ದಿನಗಳ ಕರ್ಕಶ ಸದ್ದು. ಮೇಲಿನ, ಕೆಳಗಿನ, ಪಕ್ಕದ ಮನೆಗಳಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಮಲಗಿರುವವರ ನಿದ್ರಾಭಂಗ. ಹವಾನಿಯಂತ್ರಣದ ಕೊಳವೆಗಳ ಮೂಲಕ ಮನೆಯ ಮೂಲೆಮೂಲೆಗೂ ಹೊಗುವ ಧೂಳು. ಚೀಲಗಟ್ಟಲೆ ಹೊತ್ತು ಸಾಗಿಸಬೇಕಾದ ಭಗ್ನಾವಶೇಷ. ಇಷ್ಟೇ ಅಲ್ಲದೆ, ಗೋಡೆಯೊಳಗೆ ಹುದುಗಿರುವ ನೀರಿನ ಕೊಳವೆಯೊಂದಕ್ಕೆ ಉಳಿಯ ಮೊನೆ ತಾಗಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ; ನೆಲ ಗೋಡೆಗಳು ಸೇರುವಲ್ಲಿ ಹಚ್ಚಿರುವ ಜಲನಿರೋಧಕ ಪದರ ಹರಿದರೆ ಕೆಳಮನೆಯ ಚಾವಣಿಯಲ್ಲಿ ಕಲೆ ಮೂಡುತ್ತದೆ. ಭದ್ರವಾಗಿರುವ ವಸ್ತುವನ್ನು ಒಡೆದು ಎಸೆಯುವುದು ಅಪವ್ಯಯವೂ ಹೌದು. ಟೈಲಿನ ಮೇಲೆ ಟೈಲು ಹಚ್ಚುವ ಪದ್ಧತಿಯು ಇಂದು ಲೋಕದಲ್ಲೆಲ್ಲ ಪ್ರಚಾರದಲ್ಲಿರುವುದು ಈ ಕಾರಣಗಳಿಂದಲೇ. ಅದನ್ನು ಕೇವಲ ಸೋಮಾರಿತನವೆಂದು ತಳ್ಳಿಹಾಕುವುದು ಅವಿಚಾರವಾದೀತು.

ಆದರೆ ಟೈಲಿನ ಮೇಲೆ ಟೈಲು ಎಂಬುದು ಒಂದು ಮಾತು, ಟೈಲಿನ ಮೇಲೆ ಕಲ್ಲು ಎಂಬುದು ಮತ್ತೊಂದು. ಲೆಕ್ಕವನ್ನೇ ನೋಡೋಣ. ಸುಣ್ಣಕಲ್ಲಾಗಲಿ ಗ್ರಾನೈಟಾಗಲಿ, ಒಂದು ಚದರ ಮೀಟರಿಗೆ, ಒಂದೊಂದು ಮಿಲಿಮೀಟರ್ ದಪ್ಪಕ್ಕೆ, ಹೆಚ್ಚುಕಡಿಮೆ 2.7 ಕಿಲೋಗ್ರಾಂ ತೂಗುತ್ತದೆ. 10 ಮಿಲಿಮೀಟರ್ ದಪ್ಪದ ಕಲ್ಲಾದರೆ 27 ಕಿಲೋಗ್ರಾಂ. ಮಿತ್ರರು ಬಯಸಿದ 25 ಮಿಲಿಮೀಟರಿನ ಫರಸಿಯಾದರೆ 67ರಷ್ಟು. ಈಗಾಗಲೇ ಗೋಡೆಯ ಮೇಲಿರುವ ಹಳೆಯ ಟೈಲು 15 ಕಿಲೋಗ್ರಾಮಿನಷ್ಟಿದ್ದು, ಹೊಸ ಅಂಟುಗಾರೆಯ ಎಂಟೊಂಬತ್ತು ಕಿಲೋಗ್ರಾಂ ಸೇರಿದರೆ, ಗೋಡೆಯ ಪ್ರತಿಯೊಂದು ಚದರ ಮೀಟರೂ ಸುಮಾರು 90 ಕಿಲೋಗ್ರಾಂ ಹೊರೆಯನ್ನು ತನ್ನ ಮುಖದ ಮೇಲೆ ಹೊರಬೇಕಾಗುತ್ತದೆ. ಬಾಗಿಲನ್ನು ಕಳೆದು 18 ಚದರ ಮೀಟರ್ ಗೋಡೆಯುಳ್ಳ ಒಂದು ಪುಟ್ಟ ಸ್ನಾನಗೃಹಕ್ಕೆ ಬರುವ ಹೊಸ ಕಲ್ಲಿನ ತೂಕವೊಂದೇ 1,200 ಕಿಲೋಗ್ರಾಂ: ಒಂದು ಚಿಕ್ಕ ಕಾರನ್ನು ಬಚ್ಚಲಿನ ಗೋಡೆಗಳಿಗೆ ಹಂಚಿ ಅಂಟಿಸಿದಂತೆ. ಬ್ರಿಟಿಷ್ ಮಾನಕವಾದ ಬಿ.ಎಸ್. 5385, ಜಿಪ್ಸಂ ಗಿಲಾವಿನ ಮೇಲೆ ಅಂಟುಗಾರೆಯೂ ಸೇರಿದಂತೆ ಚದರ ಮೀಟರಿಗೆ 20 ಕಿಲೋಗ್ರಾಮಿಗಿಂತ ಹೆಚ್ಚು ಭಾರ ಸಲ್ಲದೆಂದೂ, ಗಿಲಾವಿಲ್ಲದ ಜಿಪ್ಸಂ ಹಲಗೆಯ ಮೇಲೆ 32ಕ್ಕಿಂತ ಹೆಚ್ಚು ಸಲ್ಲದೆಂದೂ ವಿಧಿಸಿರುವುದನ್ನು ನೆನೆದರೆ, ನಮ್ಮ 90 ಎಂಬ ಸಂಖ್ಯೆಯ ಸಾಹಸ ಎಷ್ಟೆಂಬುದು ವಿದಿತವಾಗುತ್ತದೆ.

ಇಷ್ಟಕ್ಕೇ ವಾದ ಮುಗಿಯಿತೆಂದು ಭಾವಿಸುವವರಿಗೆ ವಿರುದ್ಧಪಕ್ಷದಿಂದ ಬಲವಾದ ಒಂದು ಉತ್ತರವಿದೆ. ಅದನ್ನು ಕೇಳದೆ ಮುಂದುವರಿಯುವುದು ಸರಿಯಲ್ಲ. ಇ.ಎನ್. 12004 ಎಂಬ ಯುರೋಪಿನ ಮಾನಕದ ಪ್ರಕಾರ ‘ಸಿ2’ ದರ್ಜೆಯ ಅಂಟುಗಾರೆಯು ಒಂದು ಚದರ ಮಿಲಿಮೀಟರಿಗೆ 1 ನ್ಯೂಟನ್ ಸೆಳೆತವನ್ನು ತಡೆಯಬೇಕು. ಇದನ್ನು ಚದರ ಮೀಟರಿಗೆ ವಿಸ್ತರಿಸಿದರೆ ಸುಮಾರು 100 ಟನ್ನಾಗುತ್ತದೆ! ನೂರು ಟನ್ನನ್ನು ತಡೆಯಬಲ್ಲ ಅಂಟಿಗೆ ತೊಂಬತ್ತು ಕಿಲೋಗ್ರಾಂ ಒಂದು ಲೆಕ್ಕವೇ? ಅದು ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಹಾಗಿದ್ದಮೇಲೆ ಗೋಡೆಯ ಮೇಲಿನ ಕಲ್ಲುಗಳು ಬೀಳುವುದೇಕೆ? ಬೀಳುವುದಂತೂ ನಿಜ, ಅಂಟು ಒಪ್ಪಿಕೊಂಡ ಭಾರಕ್ಕಿಂತ ಎಷ್ಟೋ ಕಡಿಮೆ ಭಾರದಲ್ಲಿ ಬೀಳುತ್ತವೆ.

ಈ ಒಗಟಿನ ಉತ್ತರವು ಅಂಟಿನಲ್ಲಿಲ್ಲ, ಅಂಟಿನ ಹಿಂದಿರುವ ಪದರಗಳಲ್ಲಿದೆ. ಪ್ರಯೋಗಶಾಲೆಯಲ್ಲಿ ಅಂಟನ್ನು ಪರೀಕ್ಷಿಸುವುದು ಗಟ್ಟಿಯಾದ ಕಾಂಕ್ರೀಟಿನ ಚಪ್ಪಡಿಯ ಮೇಲೆ. ನಮ್ಮ ಸ್ನಾನಗೃಹದಲ್ಲಾದರೋ ಅದು ಹಿಡಿದುಕೊಳ್ಳಬೇಕಾದದ್ದು ಹಳೆಯ ಟೈಲಿನ ಗಾಜುನುಣುಪಿನ ಮೈಯನ್ನು. ಆ ಟೈಲನ್ನು ಹಿಡಿದಿರುವುದು, ಹದಿನೈದಿಪ್ಪತ್ತು ವರುಷಗಳ ಹಿಂದೆ ಯಾವನೋ ಮೇಸ್ತ್ರಿ ಯಾವುದೋ ಆತುರದಲ್ಲಿ ಬಳಿದ ಗಾರೆ. ಆ ಗಾರೆಯನ್ನು ಹಿಡಿದಿರುವುದು ಗಿಲಾವು. ಗಿಲಾವನ್ನು ಹಿಡಿದಿರುವುದು ಒಳಟೊಳ್ಳಿನ ಕಾಂಕ್ರೀಟ್ ಇಟ್ಟಿಗೆ. ಒಬ್ಬರ ತೋಳನ್ನೊಬ್ಬರು ಹಿಡಿದು ಬಾವಿಗಿಳಿದವರ ಸಾಲಿನಂತಿದೆ ಈ ವ್ಯವಸ್ಥೆ. ಕೊನೆಯವನ ತೋಳು ಉಕ್ಕಿನದಾದರೆ ಏನು ಬಂತು? ಸಾಲಿನಲ್ಲಿ ಯಾರ ಹಿಡಿತ ಅತ್ಯಂತ ದುರ್ಬಲವೋ ಅವನ ಶಕ್ತಿಯೇ ಎಲ್ಲರ ಶಕ್ತಿ. ಬಿ.ಎಸ್. 5385ರ 20 ಕಿಲೋಗ್ರಾಮಿನ ಮಿತಿಯು ಅಂಟಿನ ಅಶಕ್ತಿಯನ್ನು ಅಳೆದು ಹೇಳಿದುದಲ್ಲ. ಕಾಣದಿರುವ ಗಿಲಾವಿನ ವಿಷಯದಲ್ಲಿ ಅನುಭವಿಗಳು ತೋರಿದ ವಿನಯ ಅದು. ಜಿಪ್ಸಂ ಗಿಲಾವು ತೇವಕ್ಕೆ ಮೆತ್ತಗಾಗುತ್ತದೆ. ನಡುವೆ ತಡೆಪದರವಿಲ್ಲದೆ ಅದರ ಮೇಲೆ ನೇರವಾಗಿ ಸಿಮೆಂಟಿನ ಗಾರೆ ಬಿದ್ದರೆ, ಇವೆರಡರ ರಾಸಾಯನಿಕ ಕ್ರಿಯೆಯಿಂದ ಎಟ್ರಿಂಜೈಟ್ ಎಂಬ ಹರಳುಗಳು ಬೆಳೆದು, ಹೊರಗೆ ಯಾವ ಸುಳಿವನ್ನೂ ಕೊಡದೆ ಒಳಗಿನಿಂದಲೇ ಬಂಧವನ್ನು ಬಿಡಿಸಿಬಿಡುತ್ತವೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ನಮ್ಮ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ಸಿಕ್ಕಲಾರದು.

ಇನ್ನು ಕಲ್ಲಿನ ಕಡೆಯಿಂದ ನೋಡಿದರೆ, ಫರಸಿಯ ಸ್ವಭಾವವೇ ಪದರಪದರ. ಭೀಮಾತೀರದ ಆ ಸುಣ್ಣಕಲ್ಲು ಯಾವುದೋ ಆದಿಕಾಲದ ಸಮುದ್ರದ ತಳದಲ್ಲಿ ಹಾಸಿನ ಮೇಲೆ ಹಾಸಾಗಿ ಕೂತು ಗಟ್ಟಿಯಾದುದು. ಗಣಿಯಲ್ಲಿ ಅದನ್ನು ಚಪ್ಪಡಿಗಳಾಗಿ ಸುಲಭವಾಗಿ ಎಬ್ಬಿಸಲು ಬರುವುದು ಆ ಹಾಸುಗಳ ದೆಸೆಯಿಂದಲೇ. ನೆಲಕ್ಕೆ ಹಾಸಿದಾಗ ಮೇಲಿನ ಭಾರವು ಪದರಗಳನ್ನು ಒಂದಕ್ಕೊಂದು ಒತ್ತುವುದರಿಂದ ಈ ಗುಣ ಗುಣವಾಗಿಯೇ ಉಳಿಯುತ್ತದೆ. ಗೋಡೆಗೆ ಬೆನ್ನು ಅಂಟಿಸಿ ನೇತುಹಾಕಿದಾಗಲಾದರೋ, ಹಿಂದಿನ ಪದರವು ಅಂಟಿನೊಡನೆ ಗೋಡೆಯಲ್ಲಿ ಉಳಿದು ಮುಂದಿನ ಪದರವು ಕಳಚಿಕೊಳ್ಳುವ ಸಂಭವವುಂಟು. ಹಿಂಬದಿ ಸಮತಟ್ಟಾಗಿರದ ಇಂತಹ ಕಲ್ಲಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಮುದ್ದೆ ಗಾರೆಯನ್ನಿಟ್ಟು ಗೋಡೆಗೆ ಒತ್ತಿಬಿಡುವ ರೂಢಿಯೂ ಸಾಮಾನ್ಯ. ನೂರು ಟನ್ನಿನ ಲೆಕ್ಕವೆಲ್ಲ ಇಡೀ ಬೆನ್ನಿಗೆ ಅಂಟು ಹತ್ತಿದ್ದರೆ ಮಾತ್ರ ಸಲ್ಲುವುದೆಂಬುದನ್ನು ಆ ಐದು ಮುದ್ದೆಗಳು ಮರೆಸುತ್ತವೆ. ಅವುಗಳ ನಡುವಣ ಪೊಳ್ಳಿನಲ್ಲಿ ನೀರು ಮನೆಮಾಡುತ್ತದೆ. ಅಮೃತಶಿಲೆಯ ಫಲಕಗಳಿಗೆ ಕಾರ್ಖಾನೆಯಲ್ಲಿಯೇ ಹಿಂಬದಿಗೆ ಜಾಲರಿಯನ್ನೂ ರಾಳವನ್ನೂ ಅಂಟಿಸಿರುವುದುಂಟು; ಆಗ ಸಿಮೆಂಟಿನ ಗಾರೆ ಹಿಡಿಯುವುದು ಕಲ್ಲನ್ನಲ್ಲ, ಆ ಜಾಲರಿಯನ್ನು. ಅಂತಹವಕ್ಕೆ ಎಪಾಕ್ಸಿಯ ಅಂಟೇ ಬೇಕು. ಕಲ್ಲಿನ ಅಂಗಡಿಯಲ್ಲಿ ಫಲಕದ ಮುಖವನ್ನು ಮೆಚ್ಚುವವರು ಬಹಳ. ಅದನ್ನು ತಿರುವಿ ಬೆನ್ನು ನೋಡುವವರು ವಿರಳ.

ಇದರ ಮೇಲೆ ಊರಿನ ಹವೆಯನ್ನೂ ಗಣಿಸಬೇಕು. ಕೊಲ್ಲಿಯ ಬೇಸಗೆಯಲ್ಲಿ ತಾರಸಿಯ ತೊಟ್ಟಿಯ ನೀರು ಕಾದು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುವುದೂ, ಅದಕ್ಕಾಗಿ ಗೃಹಸ್ಥರು ಗೀಸರಿನ ವಿದ್ಯುತ್ತನ್ನು ಆರಿಸಿಟ್ಟು ಅದರೊಳಗೆ ತಣಿದ ನೀರನ್ನೇ ತಣ್ಣೀರಾಗಿ ಬಳಸುವುದೂ ಅಲ್ಲಿರುವ ಕನ್ನಡಿಗರಿಗೆಲ್ಲ ಅನುಭವಸಿದ್ಧ. ಹೊರಗೆ ಧಗೆ, ಒಳಗೆ ಹವಾನಿಯಂತ್ರಿತ ಶೈತ್ಯ, ಸ್ನಾನದ ಹೊತ್ತಿಗೆ ಮೈಮೇಲೆ ಬಿಸಿನೀರು: ಹೀಗೆ ಗೋಡೆಯು ದಿನಕ್ಕೆ ಹಲವು ಬಾರಿ ಹಿಗ್ಗಿ ಕುಗ್ಗುತ್ತಿರುವಾಗ, ಕಲ್ಲು, ಹಳೆಯ ಟೈಲು, ಗಿಲಾವು ಇವು ಒಂದೊಂದೂ ತನ್ನ ತನ್ನ ಪ್ರಮಾಣದಲ್ಲಿ ಚಲಿಸುತ್ತವೆ. ಒಂದು ಬೇಸಗೆಯಲ್ಲಿ ಇದರಿಂದ ಏನೂ ಆಗದು. ಹತ್ತು ಬೇಸಗೆಗಳಲ್ಲಿ ಆಗಬಹುದು. ಭಾರವು ಒಮ್ಮೆಗೇ ಎಳೆದು ಕೆಡವುವ ಶತ್ರುವಲ್ಲ; ತೇವವೂ ತಾಪವೂ ಬಂಧವನ್ನು ಸಡಿಲಿಸುವ ತನಕ ಕಾದಿರಬಲ್ಲ ಶತ್ರು. ಮತ್ತು ತುಂಡೊಂದು ಬಿದ್ದಾಗ ಅದರ ಪರಿಣಾಮವನ್ನು ನಿರ್ಣಯಿಸುವುದೂ ಭಾರವೇ: ಟೈಲು ಬಿದ್ದರೆ ಕಾಲ್ಬೆರಳು ನೋಯುತ್ತದೆ, ತಲೆಯ ಎತ್ತರದಿಂದ ಇಪ್ಪತ್ತು ಕಿಲೋಗ್ರಾಮಿನ ಚಪ್ಪಡಿ ಬಿದ್ದರೆ ಆಗುವುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಲ್ಲನ್ನು ಬಲ್ಲ ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ನೋಡಿದರೆ ವಿವೇಕ ಇನ್ನಷ್ಟು ಸ್ಪಷ್ಟವಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳಪದ ಕಲ್ಲುಗಳು ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂತಿವೆ. ಹಂಪೆಯ ಕಣಶಿಲೆಯ ಕೋಟೆಗೋಡೆಗಳಲ್ಲಿ ದೈತ್ಯಬಂಡೆಗಳು ತಮ್ಮ ತೂಕದಿಂದಲೇ ಒಂದನ್ನೊಂದು ಕಚ್ಚಿಕೊಂಡಿವೆ. ಅಲ್ಲಿ ಭಾರವೇ ಬಂಧು. ಅದಕ್ಕೆ ನೆಲಕ್ಕಿಳಿಯಲು ದಾರಿಯಿದೆ. ಗೋಡೆಗೆ ಕಲ್ಲಿನ ತೆಳುಹೊದಿಕೆಯನ್ನು ತೊಡಿಸುವ ಚಾಳಿಯನ್ನು ಬಹುವಾಗಿ ಬೆಳೆಸಿದ ರೋಮನರು ಕೂಡ ಗಾರೆಯೊಂದನ್ನೇ ನಂಬಲಿಲ್ಲ. ಲೋಹದ ಕೊಕ್ಕೆಗಳಿಂದ ಫಲಕಗಳನ್ನು ಗೋಡೆಗೆ ಬಿಗಿದರು, ಆ ಕೊಕ್ಕೆಗಳ ತೂತುಗಳು ಇಂದಿಗೂ ಅಲ್ಲಿನ ಪಾಳುಗೋಡೆಗಳಲ್ಲಿ ಕಾಣುತ್ತವೆ. ನಮ್ಮ ಕಾಲದಲ್ಲಿಯೂ ಷಿಕಾಗೋ ನಗರದಲ್ಲಿ 1973ರಲ್ಲಿ ಮುಗಿದ ಆಮಕೋ ಕಂಪೆನಿಯ ಗಗನಚುಂಬಿ ಸೌಧಕ್ಕೆ ಹೊದಿಸಿದ್ದ ಇಟಲಿಯ ಕರಾರಾ ಅಮೃತಶಿಲೆಯ ತೆಳುಫಲಕಗಳು ಬಿಸಿಲು ಚಳಿಗಳ ಹೊಯ್ದಾಟಕ್ಕೆ ಸಿಕ್ಕಿ ಬಾಗತೊಡಗಿ, 1990ರಿಂದ 1992ರವರೆಗೆ ಇಡೀ ಕಟ್ಟಡದ ಕಲ್ಲನ್ನು ತೆಗೆದು ಗ್ರಾನೈಟನ್ನು ತೊಡಿಸಬೇಕಾಯಿತು. ಕಲ್ಲು ಅಚಲವೆಂಬುದು ಕವಿಸಮಯ. ತೆಳುವಾಗಿ ಸೀಳಿ ತೂಗುಹಾಕಿದ ಕಲ್ಲು ಎಲೆಯಂತೆ ಮುರುಟಬಲ್ಲುದು.

ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ: ಭಾರವನ್ನು ಹೇರುವವರು ಒಬ್ಬರು, ಅದರ ಫಲವನ್ನು ಉಣ್ಣುವವರು ಇನ್ನೊಬ್ಬರು. ಅಂತಸ್ತಿನ ಮನೆಯಲ್ಲಿ ಒಬ್ಬರ ನೆಲವೇ ಮತ್ತೊಬ್ಬರ ಚಾವಣಿ. ಗೋಡೆಯ ಮೇಲಿನ ಸಾವಿರದಿನ್ನೂರು ಕಿಲೋಗ್ರಾಂ ಕಡೆಗೆ ಇಳಿಯುವುದು ಆ ಚಪ್ಪಡಿಗೇ. ಆದುದರಿಂದ ಎಂಜಿನಿಯರೊಬ್ಬರ ಒಪ್ಪಿಗೆಯನ್ನೂ ಬಡಾವಣೆಯ ಆಡಳಿತದ ನಿರಾಕ್ಷೇಪಣಾ ಪತ್ರವನ್ನೂ ಪಡೆಯುವುದನ್ನು ಕಾಗದಪತ್ರಗಳ ಕಿರಿಕಿರಿಯೆಂದು ಎಣಿಸಲಾಗದು. ಬಾಡಿಗೆಗೆ ಇರುವವರ ವಿಷಯದಲ್ಲಿ ದುಬೈಯ 2007ರ 26ನೆಯ ಕಾಯಿದೆಯ 19ನೆಯ ವಿಧಿಯು, ಮನೆಯ ಒಡೆಯರ ಅನುಮತಿಯೂ ಅಧಿಕೃತ ಪರವಾನಗಿಯೂ ಇಲ್ಲದೆ ಮನೆಯಲ್ಲಿ ಯಾವ ಮಾರ್ಪಾಟನ್ನೂ ಮಾಡಕೂಡದೆಂದು ವಿಧಿಸುತ್ತದೆ. 2021ರಿಂದ ಮೆಟ್ರೊ ರೈಲು ಬಾಗಿಲಿಗೇ ಬಂದು ನಿಲ್ಲುವಂತಾದ ಈ ಬಡಾವಣೆಯಲ್ಲಿ ಮನೆಗಳು ಕೈಯಿಂದ ಕೈಗೆ ದಾಟುತ್ತಿರುವುದು ಸಹಜ. ನಾಳೆ ಆ ಮನೆಗೆ ಬರುವ ಸಂಸಾರಕ್ಕೆ, ಆ ಚೆಲುವಾದ ಕಲ್ಲಿನ ಹಿಂದೆ ಹಳೆಯ ಟೈಲಿದೆ, ಅದರ ಹಿಂದೆ ಟೊಳ್ಳಿದೆ ಎಂದು ಯಾರು ಹೇಳುವರು?

ಹಾಗಾದರೆ ಹೊದಿಕೆಯೇ ನಿಷಿದ್ಧವೋ? ಅಲ್ಲ. ಪರೀಕ್ಷೆಯಿಲ್ಲದ ಹೊದಿಕೆ ನಿಷಿದ್ಧ. ಗೋಡೆಗೆ ಕಿವಿಯುಂಟೆಂಬುದು ಗಾದೆ. ಗೋಡೆಗೆ ದನಿಯೂ ಉಂಟು. ಹಳೆಯ ಟೈಲುಗಳನ್ನು ಒಂದೊಂದಾಗಿ ಮರದ ಹಿಡಿಯಿಂದ ಮೆಲ್ಲನೆ ತಟ್ಟುತ್ತ ಬಂದರೆ, ಗಟ್ಟಿಯಾಗಿ ಹಿಡಿದದ್ದು ಗಟ್ಟಿಯಾಗಿಯೇ ಮಾತಾಡುತ್ತದೆ, ಬಿಟ್ಟದ್ದು ಖಾಲಿ ಡಬ್ಬಿಯಂತೆ ಡಬಡಬ ಎನ್ನುತ್ತದೆ. ಎಲ್ಲವೂ ಗಟ್ಟಿಯಾದ ದನಿಯನ್ನೇ ಕೊಟ್ಟು, ಒಂದೆರಡನ್ನು ಕಿತ್ತು ನೋಡಿದಾಗ ಹಿಂದೆ ಸಿಮೆಂಟಿನ ಗಿಲಾವೇ ಇದ್ದು, ತೇವದ ಕುರುಹಿಲ್ಲದಿದ್ದರೆ, ಆಗ ಟೈಲಿನ ನುಣುಪನ್ನು ಯಂತ್ರದಿಂದ ಉಜ್ಜಿ ಒರಟಾಗಿಸಿ, ಸಾಬೂನಿನ ಜಿಡ್ಡನ್ನು ತೊಳೆದು, ತಕ್ಕ ಪ್ರೈಮರನ್ನು ಬಳಿದು, ಬಳುಕುವ ಗುಣವುಳ್ಳ ‘ಸಿ2 ಎಸ್1’ ಅಥವಾ ‘ಎಸ್2’ ದರ್ಜೆಯ ಅಂಟನ್ನು ಗೋಡೆಗೂ ಫಲಕದ ಬೆನ್ನಿಗೂ ಪೂರ್ತಿಯಾಗಿ ಹಲ್ಲುಕರಣೆಯಿಂದ ಹಚ್ಚಿ, ಮೂಲೆಗಳಲ್ಲಿ ಸಿಲಿಕೋನಿನ ಸಂದು ಬಿಟ್ಟು, ಹಗುರವಾದ ಟೈಲನ್ನು ಹೊದಿಸುವುದರಲ್ಲಿ ಅಧರ್ಮವಿಲ್ಲ. ಕಲ್ಲಿನಂತೆಯೇ ಕಾಣುವ 6 ಮಿಲಿಮೀಟರಿನ ಪೋರ್ಸೆಲಿನ್ ಫಲಕವು ಚದರ ಮೀಟರಿಗೆ ಸುಮಾರು 15 ಕಿಲೋಗ್ರಾಂ ಮಾತ್ರ ತೂಗುತ್ತದೆ. ನಿಜವಾದ ಭಾರದ ಕಲ್ಲೇ ಬೇಕೆಂಬ ಹಟವಿದ್ದರೆ, ಸದ್ದು ಧೂಳುಗಳನ್ನು ಸಹಿಸಿ ಹಳೆಯದನ್ನೆಲ್ಲ ಇಟ್ಟಿಗೆಯ ತನಕ ಕೀಳತಕ್ಕದ್ದು. ಜಲನಿರೋಧಕವನ್ನು ಹೊಸದಾಗಿ ಹಚ್ಚತಕ್ಕದ್ದು. ಕಲ್ಲನ್ನು ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಗಳಿಂದ ಬಿಗಿಯತಕ್ಕದ್ದು. ಇವೆರಡರ ನಡುವಣ ಮಾರ್ಗ, ಅಂದರೆ ಭಾರವೂ ಬೇಕು ಶ್ರಮವೂ ಬೇಡ ಎಂಬ ಮಾರ್ಗ, ಅಗ್ಗವಾಗಿ ಕಾಣುವುದಕ್ಕೆ ಕಾರಣವೊಂದೇ: ಅದರ ಬೆಲೆಯ ಬಹುಭಾಗವನ್ನು ನಾವು ಮುಂದೆ ಬರುವವರ ಲೆಕ್ಕಕ್ಕೆ ಬರೆದಿರುತ್ತೇವೆ.

ಇದನ್ನೆಲ್ಲ ಮಿತ್ರರಿಗೆ ಹೇಳಿದೆ. ಅವರು ಎದ್ದುಹೋಗಿ, ಸುತ್ತಿಗೆಯ ಮರದ ಹಿಡಿಯನ್ನು ತಂದು, ಷವರಿನ ಕೆಳಗಿನ ಗೋಡೆಯನ್ನು ಸಾಲಾಗಿ ತಟ್ಟಿದರು. ಮೊಣಕಾಲೆತ್ತರದವರೆಗೆ ಡಬಡಬ; ಅದರಿಂದ ಮೇಲೆ ಗಟ್ಟಿ. ನೀರು ತಾಗುವ ಎಡೆಯಲ್ಲಿಯೇ ಹಿಡಿತ ಬಿಟ್ಟಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜನ ಮನೆಯ ಆ ಬಚ್ಚಲನ್ನು ಒಮ್ಮೆ ಬಣ್ಣಿಸಿರೆಂದು ನಾನು ಕೇಳಿದೆ. ಅವರು ಬಣ್ಣಿಸಿದರು: ಒಲೆಯ ಮೇಲೆ ತಾಮ್ರದ ಹಂಡೆ, ಹೊಗೆಯಿಂದ ಕಪ್ಪಾದ ಮಣ್ಣಿನ ಗೋಡೆ, ಮೂಲೆಯಲ್ಲಿ ಕಟ್ಟಿಗೆಯ ರಾಶಿ, ಮತ್ತು ಕೂತು ಮೀಯುವುದಕ್ಕೆ ಒಂದು ಫರಸಿ. ಹೇಳುತ್ತಿದ್ದಂತೆ ಅವರೇ ಮಾತು ನಿಲ್ಲಿಸಿದರು. ಆ ಬಚ್ಚಲಿನಲ್ಲಿ ಕಲ್ಲು ಗೋಡೆಯ ಮೇಲೆ ಇದ್ದುದೇ ಇಲ್ಲ.

ಸ್ಮೃತಿಯು ತಾನು ಪ್ರೀತಿಸಿದ ವಸ್ತುವನ್ನು ಇದ್ದ ಸ್ಥಳದಿಂದ ಎತ್ತಿ ಕಣ್ಣಿನ ಮಟ್ಟಕ್ಕೆ ತಂದಿಡುತ್ತದೆ. ವಸ್ತುವಾದರೋ ತನ್ನ ಸ್ಥಳವನ್ನು ಮರೆಯುವುದಿಲ್ಲ. ಈಗ ಆ ಮನೆಯ ಗೋಡೆಗಳಿಗೆ ಹಳೆಯದನ್ನು ಕಿತ್ತು, ಗಿಲಾವು ಮಾಡಿಸಿ, ಹಚ್ಚಿರುವುದು ಸಾಧಾರಣವಾದ ಬಿಳಿಯ ಟೈಲು. ಷವರಿನ ಕೆಳಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಂದೇ ಒಂದು ಫರಸಿಯ ತುಂಡು, ಅಂಟಿಲ್ಲದೆ, ಕೊಕ್ಕೆಯಿಲ್ಲದೆ, ತನ್ನ ಹದಿನೆಂಟು ಕಿಲೋಗ್ರಾಂ ತೂಕವನ್ನು ನೆಲಕ್ಕೆ ಒಪ್ಪಿಸಿ ಕೂತಿದೆ. ಮಿತ್ರರು ಬೆಳಗ್ಗೆ ಅದರ ಮೇಲೆ ಕೂತು ಸ್ನಾನ ಮಾಡುತ್ತಾರೆ.